ಕಾಂತಪ್ಪನವರು ಬೆಕ್ಕಿಗೆ ಮನೆ ಹುಡುಕಿದ್ದು

"ಇದಕ್ಕೆ ಮನೆ ಹುಡುಕುವ ಕೆಲಸ ನನಗೆ ಬಿಡು. ಬರುವ ಭಾನುವಾರ ಮೀನಿನ ಗಸಿ ಒಲೆಯಿಂದ ಇಳಿಯುವುದರೊಳಗೆ ಇದು ಈ ರೂಮಿನಲ್ಲಿ ಇರುವುದಿಲ್ಲ" ಎಂದು ಕಾಂತಪ್ಪನವರು ಹೆಂಡತಿಯ ಮುಂದೆ ಸಾರಿದರು. ಸಾರುವಾಗ ಅವರ ಒಂದು ಕೈ ಆಕಾಶದ ಕಡೆಗಿತ್ತು. ಇನ್ನೊಂದು ಕೈ ಪೈಜಾಮವನ್ನು ಸೊಂಟದಲ್ಲಿ ಭದ್ರವಾಗಿ ಹಿಡಿದುಕೊಂಡಿತ್ತು. ಏಕೆಂದರೆ ಅವರು 'ಇದು' ಎನ್ನುತ್ತಿದ್ದ ಬೆಕ್ಕಿನ ಮರಿ ಆ ಹೊತ್ತಿಗೆ ಪೈಜಾಮದ ಲಾಡಿಯ ತುದಿಗೆ ಜೋತುಬಿದ್ದು ಗೋಡೆ ಗಡಿಯಾರದ ಲೋಲಕದಂತೆ ಅತ್ತಿಂದಿತ್ತ ತೂಗಾಡುತ್ತಿತ್ತು.

ವಡಾಲದ ಆ ಚಾಳಿನಲ್ಲಿ ಕಾಂತಪ್ಪನವರ ಘೋಷಣೆಗಳನ್ನು ಯಾರೂ ಹಗುರವಾಗಿ ತೆಗೆದುಕೊಳ್ಳುತ್ತಿರಲಿಲ್ಲ. ಅವರು ವಿಕ್ರೋಳಿಯ ಒಂದು ಬಣ್ಣದ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರ್. ಊರು ಕಾಪುವಿನ ಹತ್ತಿರ. ಊರ ಕಡೆಯಿಂದ ಟ್ರಂಕು ಹೊತ್ತು ಮುಂಬಯಿಗೆ ಬಂದವರಿಗೆಲ್ಲ ಅವರೇ ದಿಕ್ಕು. ಹೋಟೆಲಿನಲ್ಲಿ ಕೆಲಸ, ಮಲಗಲು ಗ್ಯಾಲರಿಯ ಮೂಲೆ, ರೇಶನ್ ಕಾರ್ಡು, ಮದುವೆಗೆ ಹೆಣ್ಣು, ಕೊನೆಗೆ ಯಾರಾದರೂ ತೀರಿಕೊಂಡರೆ ಹೆಗಲು ಕೊಡುವ ನಾಲ್ವರು, ಇವೆಲ್ಲವನ್ನೂ ಒದಗಿಸಿದ ಮಹಾನುಭಾವರು. ಹಾಗಿರುವಾಗ ಅಂಗೈಯಷ್ಟು ಪ್ರಾಣಿಗೆ ಒಂದು ನೆಲೆ ಮಾಡಿಕೊಡುವುದು ಅವರಿಗೆ ಯಾವ ದೊಡ್ಡ ವಿಷಯ?

ಮರಿಯನ್ನು ತಂದವಳು ಅವರ ಹೆಂಡತಿ ವಿನೋದಿನಿ. ನೀರು ಹಿಡಿಯಲು ಕೆಳಗೆ ನಲ್ಲಿಗೆ ಹೋದಾಗ, ಸುರಿಯುವ ಮಳೆಯಲ್ಲಿ, ಖಾಲಿ ಡಾಂಬರು ಪೀಪಾಯಿಯ ಒಳಗಿನಿಂದ ಸಣ್ಣ ಅಳು ಕೇಳಿಸಿತ್ತು. ಕೈಹಾಕಿ ಎತ್ತಿದಾಗ ಸಿಕ್ಕಿದ್ದು ಕರಿ ಮಸಿ ಅರಿವೆಯಂಥ ಒಂದು ಮುದ್ದೆ. ಸೀರೆಯ ಸೆರಗಿನಲ್ಲಿ ಸುತ್ತಿ ತಂದು, ತೆಂಗಿನೆಣ್ಣೆ ಹಚ್ಚಿ ಡಾಂಬರು ಬಿಡಿಸಿ, ಸ್ಟೌವಿನ ಪಕ್ಕ ಕೂರಿಸಿ ಒಣಗಿಸಿದ ಮೇಲೆ, ಒಳಗಿನಿಂದ ಕೇಸರಿ ಪಟ್ಟೆಗಳ, ಬಿಳಿ ಕಾಲುಚೀಲದ ಗಂಡು ಮರಿಯೊಂದು ಹೊರಬಂದು ಆಕಳಿಸಿತು. ಆಗಿನ್ನೂ ಹಾಲು ಗಾಜಿನ ಬಾಟಲಿಯಲ್ಲಿ ಬರುತ್ತಿದ್ದ ಕಾಲ. ಬಾಟಲಿಯ ಬೆಳ್ಳಿ ಬಣ್ಣದ ತಗಡಿನ ಮುಚ್ಚಳ ಕೆಳಗೆ ಬಿದ್ದದ್ದೇ ತಡ, ಮರಿ ಅದನ್ನು ಟ್ರಂಕಿನಡಿಯಿಂದ ಅಕ್ಕಿ ಡಬ್ಬಿಯವರೆಗೂ ಒದ್ದುಕೊಂಡು ಹೋಯಿತು. ವಿನೋದಿನಿ ಗಟ್ಟಿಯಾಗಿ ನಕ್ಕಳು. ಆ ರೂಮಿನಲ್ಲಿ ಅವರಿಬ್ಬರೇ. ಮದುವೆಯಾಗಿ ವರ್ಷಗಳು ಉರುಳಿದ್ದರೂ ತೊಟ್ಟಿಲು ತರುವ ಸಂದರ್ಭ ಬಂದಿರಲಿಲ್ಲ. ಆ ವಿಷಯ ಮಾತಾಡುವುದನ್ನು ಇಬ್ಬರೂ ಯಾವಾಗಲೋ ಬಿಟ್ಟಿದ್ದರು.

ಅವಳು ಕೇಳಿದ್ದು ಒಂದೇ ಸಲ.

"ಇರ್ಲಿ ಅಲ್ವಾ? ಇಷ್ಟು ಸಣ್ಣ ಉಂಟು. ಅದು ಎಷ್ಟು ತಿನ್ತದೆ?"

ಕಾಂತಪ್ಪನವರು ಪೇಪರಿನಿಂದ ತಲೆಯೆತ್ತಲಿಲ್ಲ. ಅಷ್ಟು ಜನಕ್ಕೆ ಜಾಗ ಮಾಡಿಕೊಟ್ಟವನಿಗೆ ಇದೊಂದು ದೊಡ್ಡ ಭಾರವಲ್ಲ, ನೀನು ತಲೆಬಿಸಿ ಮಾಡಿಕೊಳ್ಳಬೇಡ ಎಂದರು. ಅವಳು ಕೇಳಿದ್ದೊಂದು, ಇವರು ಉತ್ತರ ಹೇಳಿದ್ದು ಇನ್ನೊಂದಕ್ಕೆ. ಜೊತೆಗೆ ಒಂದು ಕಟ್ಟಪ್ಪಣೆಯನ್ನೂ ಹೊರಡಿಸಿದರು: ಇದಕ್ಕೆ ಯಾರೂ ಹೆಸರಿಡಕೂಡದು. ಹೆಸರಿಟ್ಟ ಪ್ರಾಣಿ ಮನೆಯದೇ ಆಗಿಬಿಡುತ್ತದೆ. ವಿನೋದಿನಿ ಹೂಂ ಎಂದಳು. ಆಮೇಲೆ ಅದನ್ನು 'ಓಯ್' ಎಂದೇ ಕರೆದಳು.

ಮೊದಲ ಅವಕಾಶ ಸಿಕ್ಕಿದ್ದು ಮೋನಪ್ಪನ ಹೋಟೆಲಿನಲ್ಲಿ. ವಡಾಲ ಸ್ಟೇಶನ್ನಿಗೆ ಹೋಗುವ ದಾರಿಯಲ್ಲಿ ಇಡ್ಲಿ, ದೋಸೆಗೆ ಹೆಸರಾದ ಸಣ್ಣ ಹೋಟೆಲು. ಮೋನಪ್ಪ ಕಾಂತಪ್ಪನವರ ಊರಿನವನೇ. ಅವನ ಹಿಟ್ಟಿನ ಮೂಟೆಗಳಿಗೆ ಇಲಿಗಳ ಕಾಟ. ಕಾಂತಪ್ಪನವರು ಗಲ್ಲಾದ ಮುಂದೆ ನಿಂತು ಮರಿಯ ವಂಶಾವಳಿಯನ್ನೇ ಬಿಚ್ಚಿದರು. ಇದರ ತಾಯಿ ಬಂದರಿನ ಗೋದಾಮಿನಲ್ಲಿ ಇಲಿಗಳ ಸಂತಾನವನ್ನೇ ನಿರ್ನಾಮ ಮಾಡಿದ ವೀರಮಾತೆ. ತಂದೆ ಹಡಗಿನಲ್ಲಿ ಬಂದವನು, ಆಕಾರದಲ್ಲಿ ಸಣ್ಣ ಹುಲಿ. ತಾಯಿಯನ್ನಾಗಲೀ ತಂದೆಯನ್ನಾಗಲೀ ಕಾಂತಪ್ಪನವರು ಕಂಡವರಲ್ಲ. ಆದರೆ ಕೆಲಸ ಕೇಳಿ ಬಂದವನ ಬಗ್ಗೆ ನಾಲ್ಕು ಒಳ್ಳೆಯ ಮಾತು ಹೇಳದಿದ್ದರೆ ಯಾರು ಇಟ್ಟುಕೊಳ್ಳುತ್ತಾರೆ?

ಮೊದಲ ದಿನವೇ ವೀರಪುತ್ರನಿಗೂ ಇಲಿಗೂ ಮುಖಾಮುಖಿಯಾಯಿತು. ಮೋನಪ್ಪನ ಹಿಟ್ಟು ತಿಂದು ಬೆಳೆದ ಇಲಿ, ಬೆಕ್ಕಿನ ಮರಿಗಿಂತ ಎರಡು ಬೆರಳು ಎತ್ತರವಿತ್ತು. ಅದು ನಿಂತು ನೋಡಿತು. ಮರಿ ಹೋಟೆಲಿನೊಳಕ್ಕೆ ಓಟ ಕಿತ್ತಿತು. ಅಲ್ಲಿ ಒಂದು ಬದಿಗೆ, ಹೆಂಗಸರು ಮಕ್ಕಳು ಕೂರಲೆಂದು, ಪರದೆ ಕಟ್ಟಿದ ಫ್ಯಾಮಿಲಿ ರೂಮು. ಫ್ಯಾನಿನ ಗಾಳಿಗೆ ಅಲುಗುತ್ತಿದ್ದ ಆ ಪರದೆಯನ್ನು ಕಂಡದ್ದೇ ಮರಿಗೆ ಇಲಿ ಮರೆತುಹೋಯಿತು. ಹಾರಿ ಉಗುರು ಊರಿ ಮೇಲಕ್ಕೆ ಹತ್ತಿತು. ಪರದೆಯೂ ಕೋಲೂ ಮರಿಯೂ ಒಟ್ಟಿಗೆ ಕೆಳಗೆ ಬಂದವು. ಒಳಗೆ ಒಬ್ಬ ಹುಡುಗ, ಒಬ್ಬಳು ಹುಡುಗಿ, ನಡುವೆ ಒಂದೇ ತಟ್ಟೆ ಮಸಾಲೆ ದೋಸೆ. ಹೊರಗೆ, ಎದುರು ಮೇಜಿನಲ್ಲಿ, ದಿನಾ ಅದೇ ಹೊತ್ತಿಗೆ ಕಾಫಿ ಕುಡಿಯಲು ಬರುವ ಗುಜರಾತಿ ಶೇಟ್. ಶೇಟ್ ಹುಡುಗಿಯನ್ನು ನೋಡಿದರು. ಹುಡುಗಿ ಶೇಟ್‌ಜಿಯನ್ನು ನೋಡಿ, "ಪಪ್ಪಾ" ಎಂದಳು.

ಆಮೇಲೆ ನಡೆದದ್ದನ್ನು ಮೋನಪ್ಪ ಪೂರ್ತಿ ಹೇಳಲಿಲ್ಲ. ಆ ಸಂಜೆ ಅವನೇ ಖುದ್ದಾಗಿ ಚಾಳಿನ ಮೆಟ್ಟಿಲು ಹತ್ತಿ ಬಂದು, ಖಾಲಿ ವನಸ್ಪತಿ ಡಬ್ಬಿಯಲ್ಲಿ ಕೂತಿದ್ದ ಮರಿಯನ್ನು ಕಾಂತಪ್ಪನವರ ಕೈಗಿಟ್ಟ.

"ಕಾಂತಪ್ಪಣ್ಣ, ಇಲಿ ನನಗಿರ್ಲಿ. ಬೆಕ್ಕು ನಿಮಗಿರ್ಲಿ."

ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ವಿನೋದಿನಿ ಬಸಿಯಲ್ಲಿ ಹಾಲು ಹೊಯ್ದು ಇಟ್ಟಾಗಿತ್ತು. ಕಾಂತಪ್ಪನವರು ಅದನ್ನು ನೋಡಿದರು. ಆದರೆ ಅವರ ತಲೆಯಲ್ಲಿ ಆಗ ಓಡುತ್ತಿದ್ದದ್ದು ತಮ್ಮ ಮರ್ಯಾದೆಯ ವಿಷಯ. ಭಾನುವಾರ ಬಂತು, ಗಸಿ ಒಲೆಯಿಂದ ಇಳಿಯಿತು, ಮೊದಲ ಬಂಗುಡೆಯ ತುಂಡು ಬೆಕ್ಕಿಗೇ ಹೋಯಿತು. ಗ್ಯಾಲರಿಯಲ್ಲಿ ನಿಂತು ಹಲ್ಲುಜ್ಜುವವರೆಲ್ಲ, ನಿಮ್ಮ ಕ್ಯಾಂಡಿಡೇಟಿಗೆ ಇನ್ನೂ ಕೆಲಸ ಸಿಗಲಿಲ್ಲವೇ ಎಂದು ವಿಚಾರಿಸತೊಡಗಿದರು.

ಆಗ ಅವರಿಗೆ ಅಣವೀರಪ್ಪನ ನೆನಪಾಯಿತು. ಅಣವೀರಪ್ಪ ಸಿಂದಗಿ ಕಡೆಯವನು. ಕಾರ್ಖಾನೆಯಲ್ಲಿ ಮಾಲು ಹೊರುವ ತಂಡಕ್ಕೆ ಮುಕಾದಮ. ಹಿಂದೊಮ್ಮೆ ಮನೆಯಲ್ಲಿ ಬೆಕ್ಕು ಇದ್ದರೆ ಚಲೋ ಎಂದಿದ್ದ. ಅವನನ್ನು ಒಂದು ಮಾತು ಕೇಳದೆ, ಕಾಂತಪ್ಪನವರು ಮರಿಯನ್ನು ಜಿಪ್ಪಿರುವ ರೆಕ್ಸಿನ್ ಚೀಲದಲ್ಲಿ ಕೂರಿಸಿ, ಉಸಿರಾಡಲು ಜಿಪ್ಪನ್ನು ಅರ್ಧ ತೆರೆದು, ಲೋಕಲ್ ಹತ್ತಿ, ಕುರ್ಲಾದಲ್ಲಿ ಗಾಡಿ ಬದಲಿಸಿ ವಿಕ್ರೋಳಿಯಲ್ಲಿ ಇಳಿದರು. ಹೋಗಿ ನೋಡಿದರೆ ಅಣವೀರಪ್ಪ ಅಂದು ರಜೆ. ಊರಿಂದ ಮೊದಲ ಸಲ ಬರುತ್ತಿದ್ದ ಹೆಂಡತಿಯನ್ನು ಕರೆತರಲು ದಾದರಿಗೆ ಹೋಗಿದ್ದ.

ಮರಿಯನ್ನು ಯಂತ್ರ ಒರೆಸುವ ಹತ್ತಿಯ ಚೂರುಗಳ ಚೀಲದಲ್ಲಿ ಅಡಗಿಸಿದರು. ಹತ್ತಿಯಲ್ಲಿ ಅದು ಮಹಾರಾಜನಂತೆ ನಿದ್ದೆ ಹೋಯಿತು. ಎಚ್ಚರವಾದದ್ದು ಸಾಹೇಬರು ಸ್ಟೋರಿಗೆ ಬಂದು ಬಣ್ಣದ ಡಬ್ಬಿಗಳ ವಿಷಯ ಮಾತಾಡುತ್ತಿದ್ದಾಗ. ಮರಿ 'ಮಿಯಾಂವ್' ಎಂದಿತು. ಕಾಂತಪ್ಪನವರು ಕೆಮ್ಮಿದರು. ಮರಿ ಮತ್ತೊಮ್ಮೆ ಎಂದಿತು. ಇವರು ಇನ್ನಷ್ಟು ಜೋರಾಗಿ ಕೆಮ್ಮಿದರು. ತನಗೆ ಯಾರೋ ಉತ್ತರ ಕೊಡುತ್ತಿದ್ದಾರೆಂದು ಮರಿಗೆ ಖುಷಿಯಾಗಿ ಅದು ಬಿಡದೆ ಮಾತಿಗಿಳಿಯಿತು. ಕಾಂತಪ್ಪನವರು ಎದೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ಕೆಮ್ಮಿದರು. ಸಾಹೇಬರು ಹೆದರಿ ಎರಡು ಹೆಜ್ಜೆ ಹಿಂದೆ ಸರಿದು, ಇದು ಸಾಧಾರಣ ಕೆಮ್ಮಲ್ಲ, ಈಗಲೇ ಮನೆಗೆ ಹೋಗಿ ಎಂದು ಅರ್ಧ ದಿನದ ರಜೆ ಕೊಟ್ಟರು.

ಗೇಟಿನಲ್ಲಿ ಪಠಾಣ್ ಕಾವಲುಗಾರ ಚೀಲ ತೆರೆಸಿದ. ಮರಿ ತಲೆ ಹೊರಗೆ ಹಾಕಿ ಅವನ ಮೀಸೆಯನ್ನು ಪರೀಕ್ಷಿಸಿತು. ಅವನು ನಿಯಮದ ಮನುಷ್ಯ. ಕಂಪನಿಯೊಳಗಿನಿಂದ ಹೊರಗೆ ಹೋಗುವುದೆಲ್ಲ ಕಂಪನಿಯ ಮಾಲು, ಗೇಟ್‌ಪಾಸ್ ಇಲ್ಲದೆ ಬೋಲ್ಟೊಂದನ್ನೂ ಬಿಡುವುದಿಲ್ಲ ಎಂದು ಹಿಂದಿಯಲ್ಲಿ ಖಡಾಖಂಡಿತವಾಗಿ ಹೇಳಿದ. ಇದು ತನ್ನದು, ಬೆಳಗ್ಗೆ ತಾನೇ ತಂದದ್ದು ಎಂದು ಕಾಂತಪ್ಪನವರು ಹೇಳಿದರು. ಎಲ್ಲ ಕಳ್ಳರೂ ಹಾಗೆಯೇ ಹೇಳುತ್ತಾರೆ ಎಂದ ಅವನು. ಗೇಟ್‌ಪಾಸ್ ಬರೆಯುವ ಅಧಿಕಾರ ಇಡೀ ಕಾರ್ಖಾನೆಯಲ್ಲಿ ಸ್ಟೋರ್‌ಕೀಪರನೊಬ್ಬನಿಗೇ ಇತ್ತು. ಹೀಗಾಗಿ ಕೆಮ್ಮಿ ರಜೆ ಪಡೆದ ಕಾಂತಪ್ಪನವರು ಮತ್ತೆ ತಮ್ಮ ಕುರ್ಚಿಗೆ ಹೋಗಿ ಕೂತು, 'ಬೆಕ್ಕಿನ ಮರಿ, ಒಂದು, ಸುಸ್ಥಿತಿಯಲ್ಲಿದೆ' ಎಂದು ತಮಗೆ ತಾವೇ ಪಾಸು ಬರೆದುಕೊಂಡು, ಮೇಲಿನ ಸಹಿಗಾಗಿ ಸಾಹೇಬರ ಮುಂದೆ ನಿಲ್ಲಬೇಕಾಯಿತು. ಸಾಹೇಬರು ಪಾಸು ಓದಿದರು, ಚೀಲ ನೋಡಿದರು, ಕನ್ನಡಕ ತೆಗೆದು ಕಾಂತಪ್ಪನವರನ್ನು ನೋಡಿದರು. ಆಮೇಲೆ ಬಹಳ ಸಾವಧಾನವಾಗಿ, ಕೆಮ್ಮು ನಿಮ್ಮಿಬ್ಬರಲ್ಲಿ ಯಾರಿಗೆ ಎಂದು ಕೇಳಿದರು.

ಆ ಪ್ರಶ್ನೆ ಅವರಿಗಿಂತ ಮೊದಲೇ ಲೋಕಲ್ ಹತ್ತಿ ವಡಾಲ ತಲುಪಿತು. ಚಾಳಿನಲ್ಲಿ ಕಾಂತಪ್ಪನವರು ಕೆಮ್ಮುವಂತಿರಲಿಲ್ಲ. ಕೆಮ್ಮಿದರೆ ಯಾರಾದರೂ ಬಾಗಿಲು ತೆರೆದು 'ಮಿಯಾಂವ್' ಎನ್ನುತ್ತಿದ್ದರು. ವಿನೋದಿನಿ ಮಾತ್ರ ಈ ಕತೆಯನ್ನು ಮತ್ತೆ ಮತ್ತೆ ಹೇಳಿಸಿ, ಮರಿಯನ್ನು ತೊಡೆಯ ಮೇಲೆ ಹಾಕಿಕೊಂಡು, ಕಾವಲುಗಾರನ ಮೀಸೆ ಹೇಗಿತ್ತೆಂದು ಅದನ್ನೇ ಕೇಳುತ್ತಿದ್ದಳು. ಅವಳ ದನಿಯಲ್ಲಿ ಅಂಥದೊಂದು ಗೆಲುವು ಎಷ್ಟೋ ಕಾಲದಿಂದ ಇರಲಿಲ್ಲ. ಅದನ್ನೂ ಕಾಂತಪ್ಪನವರು ಕೇಳಿಸಿಕೊಂಡರು. ಆದರೆ ಅವಮಾನಿತನಾದ ಗಂಡಸಿನ ಕಿವಿಗೆ ಅಂಥದ್ದೆಲ್ಲ ಆಳಕ್ಕೆ ಇಳಿಯುವುದಿಲ್ಲ. ಈಗ ಪ್ರಶ್ನೆ ಬೆಕ್ಕಿನದಾಗಿರಲಿಲ್ಲ, ಸೋಲು ಗೆಲುವಿನದಾಗಿತ್ತು.

ಮುಂದಿನ ಭಾನುವಾರ ಅವರು ಮತ್ತೆ ಚೀಲ ಹೆಗಲಿಗೇರಿಸಿ ವಿಕ್ರೋಳಿಗೆ ಹೊರಟರು. ವಿನೋದಿನಿ ಬಾಗಿಲವರೆಗೆ ಬಂದಳು. ಚೀಲದೊಳಗೆ ಕೈಹಾಕಿ ಮರಿಯ ತಲೆ ಸವರಿ, ಜಿಪ್ಪು ಪೂರ್ತಿ ಹಾಕಬೇಡಿ ಎಂದಷ್ಟೇ ಹೇಳಿ ಒಳಗೆ ಹೋದಳು.

ಅಣವೀರಪ್ಪನ ಮನೆ ಗುಡ್ಡದ ಬುಡದಲ್ಲಿ ತಗಡು ಹೊದಿಸಿದ ಒಂದು ಖೋಲಿ. ಅವನ ಹೆಂಡತಿ ಸುಂದ್ರವ್ವ ಹೊಸ್ತಿಲ ಮೇಲೆ ಮೊಣಕಾಲು ತಬ್ಬಿ ಕೂತಿದ್ದಳು. ಹಿಂದಿ ಬರದು, ಮರಾಠಿ ತಿಳಿಯದು, ಅಕ್ಕಪಕ್ಕ ಯಾರೂ ಅವಳ ಮಾತಿನವರಲ್ಲ. ಬಂದಾಗಿನಿಂದ ಹೀಗೇ ಕೂತಿರುತ್ತಾಳೆಂದು ಅಣವೀರಪ್ಪ ಹೇಳಿದ. ಕಾಂತಪ್ಪನವರು ಗಂಟಲು ಸರಿಪಡಿಸಿಕೊಂಡು ಮರಿಯ ಗುಣಗಾನಕ್ಕೆ ತೊಡಗಿದರು. ಕದಿಯುವುದಿಲ್ಲ, ಪರಚುವುದಿಲ್ಲ, ಹಾಕಿದ್ದು ತಿನ್ನುತ್ತದೆ, ಹೇಳಿದ್ದು ಕೇಳುತ್ತದೆ. ಅಷ್ಟರಲ್ಲಿ ಮರಿ ಚೀಲದಿಂದ ಇಳಿದು, ಸುಂದ್ರವ್ವನ ಮಡಿಲೇರಿ, ಅವಳ ಹಸಿರು ಬಳೆಗಳ ಜೊತೆ ಜಗಳಕ್ಕೆ ನಿಂತಿತ್ತು. ಸುಂದ್ರವ್ವ ಕೈ ಆಡಿಸಿದಳು, ಬಳೆ ಸದ್ದು ಮಾಡಿದವು, ಮರಿ ಹಾರಿತು. ಅವಳು ಬಾಯಿಗೆ ಸೆರಗು ಹಚ್ಚಿಕೊಂಡು ನಕ್ಕಳು. ಕಾಂತಪ್ಪನವರ ಭಾಷಣ ಅರ್ಧಕ್ಕೇ ನಿಂತಿತು. ಇನ್ನು ಮುಂದೆ ಅದರ ಅಗತ್ಯವೇ ಇರಲಿಲ್ಲ.

ಗೆದ್ದ ಸಂತೋಷದಲ್ಲಿ ಅವರು ಬರುವಾಗ ಜಿಲೇಬಿ ಕಟ್ಟಿಸಿಕೊಂಡು ಬಂದರು. ಗ್ಯಾಲರಿಯ ತುಂಬ ಹಂಚಿದರು. ವಿನೋದಿನಿಯೂ ಒಂದು ತುಂಡು ಬಾಯಿಗೆ ಹಾಕಿಕೊಂಡು, ಒಳ್ಳೆಯದಾಯಿತು ಎಂದಳು. ಹಾಲಿನ ಬಸಿಯನ್ನು ತೊಳೆದು ಒರೆಸಿ ಅಟ್ಟದ ಮೇಲೆ ಇಟ್ಟಳು.

ಕಾಂತಪ್ಪನವರು ಊಹಿಸದಿದ್ದ ತೊಂದರೆಗಳು ಶುರುವಾದದ್ದು ಆಮೇಲೆ. ಬೆಳಗ್ಗೆ ಪೈಜಾಮ ಹಾಕುವ ಮುನ್ನ ಅದನ್ನು ಕೊಡವಿ ನೋಡುವರು. ಒಳಗೆ ಯಾರೂ ಇರುತ್ತಿರಲಿಲ್ಲ. ಕಾಲಡಿಗೆ ಸಿಕ್ಕೀತೆಂದು ತಮ್ಮ ರೂಮಿನಲ್ಲೇ ಕೊಕ್ಕರೆಯ ಹಾಗೆ ಹೆಜ್ಜೆ ಎತ್ತಿ ಇಡುವರು. ಶೂ ಲೇಸು ಕಟ್ಟುವಾಗ ಯಾರೂ ಎಳೆಯದೆ ಒಂದೇ ಸಲಕ್ಕೆ ಗಂಟು ಬೀಳುತ್ತಿತ್ತು. ಆ ಸಲೀಸಿಗೆ ಅವರಿಗೆ ಬೇಸರವಾಗುತ್ತಿತ್ತು. ಹಿಂದೆಯೂ ಆ ರೂಮು ಸದ್ದಿಲ್ಲದೆಯೇ ಇತ್ತು, ಆದರೆ ಆಗ ಅದು ಕಿವಿಗೆ ಬಿದ್ದಿರಲಿಲ್ಲ. ಈಗ ನಲ್ಲಿಯ ಹನಿ ಬೀಳುವುದೂ ಕೇಳುತ್ತಿತ್ತು.

ವಿನೋದಿನಿ ದೂರಲಿಲ್ಲ. ದೂರಿದ್ದರೆ ಇವರು ಎದುರುತ್ತರ ಕೊಟ್ಟು ಹಗುರವಾಗುತ್ತಿದ್ದರು. ಅವಳು ಮೊದಲಿನಂತೆ ಅಡಿಗೆ ಮಾಡಿದಳು, ನೀರು ತಂದಳು, ಬಟ್ಟೆ ಒಣಹಾಕಿದಳು. ಒಂದು ಭಾನುವಾರ ಮೀನು ಕೊಯ್ಯುತ್ತ ಕೂತವಳು ಬಂಗುಡೆಯ ತಲೆಗಳನ್ನು ಅಭ್ಯಾಸಬಲದಿಂದ ಬೇರೆ ತಟ್ಟೆಗೆ ಹಾಕಿದಳು. ಆಮೇಲೆ ಎದ್ದು ಕಸದ ಡಬ್ಬಿಗೆ ಸುರಿದಳು. ಕಾಂತಪ್ಪನವರು ಪೇಪರನ್ನು ಮುಖದಿಂದ ಕೆಳಗಿಳಿಸಿದರು.

"ನಿನಗೆ ಅದು ಅಷ್ಟು ಬೇಕಿತ್ತಾ ಮಾರಾಯ್ತಿ? ಬಾಯಿಬಿಟ್ಟು ಹೇಳ್ಲಿಕ್ಕೆ ಆಗ್ತಿರ್ಲಿಲ್ವಾ?"

"ಒಂದು ಸಲ ಕೇಳಿದ್ದೆ" ಎಂದಳು ವಿನೋದಿನಿ. "ಎರಡು ಸಲ ಕೇಳ್ಬೇಕು ಅಂತ ಗೊತ್ತಿರ್ಲಿಲ್ಲ."

ಸಿಟ್ಟಿನಿಂದ ಹೇಳಿದ ಮಾತಲ್ಲ. ಮೀನು ತೊಳೆಯುತ್ತ, ಬೆನ್ನು ಮಾಡಿಕೊಂಡೇ ಹೇಳಿದಳು. ಅಂದು ಕಾಂತಪ್ಪನವರು ಗಸಿಯ ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು. ಕೈತೊಳೆದು ರೆಕ್ಸಿನ್ ಚೀಲ ಕೆಳಗಿಳಿಸಿದರು. ಎಲ್ಲಿಗೆಂದು ಅವಳು ಕೇಳಲಿಲ್ಲ, ಇವರು ಹೇಳಲಿಲ್ಲ. ಆದರೆ ಅವರು ಅಂಗಿ ಹಾಕಿಕೊಳ್ಳುವಷ್ಟರಲ್ಲಿ ಅವಳು ಒಂದು ಹಳೆಯ ಟವೆಲನ್ನು ಮೆತ್ತಗೆ ಮಡಚಿ ಚೀಲದ ತಳಕ್ಕೆ ಹಾಸಿದ್ದಳು.

ಗಾಡಿಯಲ್ಲಿ ನಿಂತು ಅವರು ಭಾಷಣವನ್ನು ತಿರುವುಮುರುವು ಮಾಡಿಕೊಂಡರು. ಮಾರಿದ ಮಾಲನ್ನು ವಾಪಸು ಪಡೆಯಬೇಕಾದರೆ ಅದನ್ನು ಹಳಿಯಬೇಕು. ಕದಿಯುತ್ತದೆ ಎನ್ನಬೇಕು, ಪರಚುತ್ತದೆ ಎನ್ನಬೇಕು, ಅದರ ಕುಲಗೋತ್ರ ಸರಿಯಿಲ್ಲ ಎನ್ನಬೇಕು. ಪಾಪ, ನಿಮಗೆ ತೊಂದರೆಯಾದೀತೆಂದು ನಾನೇ ಬಂದೆ ಎಂದು ಉಪಕಾರದ ಮುಖ ಮಾಡಬೇಕು. ಮಾತಿನಲ್ಲಿ ಅವರು ಸೋತದ್ದಿಲ್ಲ.

ಅಣವೀರಪ್ಪನ ಮನೆಯ ಬಾಗಿಲಿಗೆ ಬಂದಾಗ ಒಳಗಿನಿಂದ ಸುಂದ್ರವ್ವನ ದನಿ ಕೇಳಿಸಿತು.

"ಏ ಕಾಂತ್ಯಾ! ಎಲ್ಲಿ ಸತ್ತಿಯಲೇ? ಬಾ, ಹಾಲ ಕುಡಿ."

ಕಾಂತಪ್ಪನವರು ಹೊಸ್ತಿಲಾಚೆ ಕಲ್ಲಾಗಿ ನಿಂತರು. ಹುಟ್ಟಿದಾರಭ್ಯ ಅವರನ್ನು ಹೆಂಗಸೊಬ್ಬಳು, ಅದೂ ಪರರ ಹೆಂಡತಿ, ಹೀಗೆ ಕರೆದದ್ದಿಲ್ಲ. ಅಷ್ಟರಲ್ಲಿ ಅವರ ಕಾಲುಗಳ ನಡುವಿನಿಂದ ಕೇಸರಿ ಬಣ್ಣದ್ದೊಂದು ಬಾಣದಂತೆ ಒಳಗೆ ನುಗ್ಗಿತು. ಅದರ ಹಿಂದೆ ಇವರನ್ನು ಕಂಡ ಸುಂದ್ರವ್ವ ಗಡಬಡಿಸಿ ತಲೆಯ ಮೇಲೆ ಸೆರಗೆಳೆದುಕೊಂಡಳು.

"ನಿಮಗಲ್ರಿ ಅಣ್ಣಾರ" ಎಂದು ಅಣವೀರಪ್ಪ ಒಳಗಿನಿಂದ ಓಡಿಬಂದ. "ಇವನ್ನ ಕೊಟ್ಟ ಪುಣ್ಯಾತ್ಮರ ಹೆಸರಽ ಇಡಬೇಕಂತ ಇಕಿ ಹಟಾ ಹಿಡಿದ್ಲರಿ. ಕಾಂತಪ್ಪ ಅಂತ ಇಟ್ಟೀವಿ. ಸಿಟ್ಟು ಬಂದಾಗ ಕಾಂತ್ಯಾ ಅಂತಾಳ್ರಿ."

ಚಾಪೆಯ ಮೇಲೆ ಕೂತು ಚಹಾ ಕುಡಿಯುತ್ತ ಕಾಂತಪ್ಪನವರು ಧೈರ್ಯ ತಂದುಕೊಂಡು ಹಳಿಯಲು ಶುರುಮಾಡಿದರು. ಇದು ಕದಿಯುತ್ತದಂತಲ್ಲ ಎಂದರು. ಹೌದ್ರಿ, ನಿನ್ನೆ ಬೆಣ್ಣೆ ಮುಗಿಸಿದ ಎಂದು ಸುಂದ್ರವ್ವ ಹೆಮ್ಮೆಯಿಂದ ಒಪ್ಪಿಕೊಂಡಳು. ಬಟ್ಟೆ ಹರಿಯುತ್ತದಂತಲ್ಲ ಎಂದರು. ತವರಿನಿಂದ ತಂದ ಕೌದಿಯ ಹರಿದ ಮೂಲೆಯನ್ನು ಅವಳು ತಂದು ತೋರಿಸಿದಳು, ಕೂಸಿನ ಮೊದಲ ಹಲ್ಲು ತೋರಿಸುವ ಹಾಗೆ. ತಮ್ಮದೇ ಹೆಸರಿನವನ ಮೇಲೆ ಚಾಡಿ ಹೇಳಿ ಹೇಳಿ ಕಾಂತಪ್ಪನವರಿಗೆ ಒಂದು ಥರ ಆಯಿತು. ಕೊನೆಗೆ, ಇದು ಮನೆಯಲ್ಲೇ ನಿಲ್ಲುವುದಿಲ್ಲ, ಓಡಿಹೋಗುತ್ತದೆ, ಹುಡುಕಿ ಹುಡುಕಿ ನಿಮಗೆ ಸಾಕಾಗುತ್ತದೆ ಎಂದರು.

"ಅದಽ ಚಲೋ ಆತ್ರಿ ಅಣ್ಣಾರ" ಎಂದಳು ಸುಂದ್ರವ್ವ. "ಇಲ್ಲಿಗೆ ಬಂದಾಗಿಂದ ನಾ ಒಬ್ಬರ ಜೋಡಿನೂ ಮಾತಾಡಿದ್ದಿಲ್ಲ. ಇವನ್ನ ಹುಡುಕ್ಕೋಂತ ಹೋಗಿ ಹೋಗಿ ಓಣ್ಯಾಗ ಎಲ್ಲಾರ ಮನಿ ಗುರ್ತಾತು. ಈಗ ಅವರಽ ಕೂಗಿ ಕರೀತಾರ, ನಿನ್ನ ಕಾಂತಪ್ಪ ನಮ್ಮ ಮನ್ಯಾಗ ಅದಾನ ಬಾ ಅಂತ."

ಅಷ್ಟು ಹೇಳುವಾಗ ಅವಳ ಕಣ್ಣಲ್ಲಿ ಇದ್ದದ್ದು ಕಾಂತಪ್ಪನವರಿಗೆ ಗುರುತು ಸಿಕ್ಕಿತು. ಅದನ್ನೇ ಅವರು ತಮ್ಮ ರೂಮಿನಲ್ಲಿ ಕೆಲವು ದಿನ ಕಂಡಿದ್ದರು, ಕಂಡೂ ಪೇಪರು ಓದಿದ್ದರು. ನಾಲಿಗೆಯ ತುದಿಗೆ ಬಂದಿದ್ದ ಮಾತನ್ನು ಚಹಾದೊಂದಿಗೆ ನುಂಗಿದರು. ಯಾಕೆ ಬಂದಿರೆಂದು ಅಣವೀರಪ್ಪ ಕೇಳಿದಾಗ, ಹೇಗಿದ್ದಾನೆಂದು ಸುಮ್ಮನೆ ನೋಡಿ ಹೋಗಲು ಬಂದೆ ಎಂದರು. ಚೀಲ ಯಾಕೆಂದು ಅವನು ಕೇಳಲಿಲ್ಲ, ಅದೊಂದು ಪುಣ್ಯ. ಹೊರಡುವಾಗ ಬಾಗಿ ಮರಿಯ ತಲೆ ಸವರಹೋದರು. ಅದು ಅವರ ಬೆರಳನ್ನು ಮೂಸಿ, ಯಾರೋ ಪಾಪದ ಮನುಷ್ಯ ಎಂಬಂತೆ ಒಮ್ಮೆ ನೋಡಿ, ಬಳೆಗಳ ಕಡೆಗೆ ನಡೆಯಿತು.

ವಿನೋದಿನಿ ಗ್ಯಾಲರಿಯಲ್ಲಿ ನಿಂತಿದ್ದಳು. ಗಂಡನ ಹೆಗಲಲ್ಲಿ ಚೀಲ ಉಬ್ಬಿದ್ದನ್ನು ದೂರದಿಂದಲೇ ಕಂಡು ಒಳಗೆ ಓಡಿದಳು. ಕಾಂತಪ್ಪನವರು ಮೇಲೆ ಬರುವಷ್ಟರಲ್ಲಿ ನೆಲದ ಮೇಲೆ ಹಾಲಿನ ಬಸಿ ಇತ್ತು. ಅವಳು ಏನನ್ನೂ ಕೇಳದೆ ಚೀಲ ಇಸಕೊಂಡು, ತೊಡೆಯ ಮೇಲಿಟ್ಟು ಮೆಲ್ಲಗೆ ಜಿಪ್ಪು ಎಳೆದಳು. ಟವೆಲಿನ ಮೇಲೆ ಸುಂದ್ರವ್ವ ಕಟ್ಟಿಕೊಟ್ಟಿದ್ದ ಜೋಳದ ರೊಟ್ಟಿಯ ಗಂಟು ಇತ್ತು.

ವಿನೋದಿನಿ ಗಂಟು ಬಿಚ್ಚಿ ರೊಟ್ಟಿಗಳನ್ನು ತಟ್ಟೆಗೆ ಹಾಕಿದಳು. ಆಮೇಲೆ ಕಾಂತಪ್ಪನವರು ನಡೆದದ್ದೆಲ್ಲ ಹೇಳಿದರು. ಓಣಿಯ ಮಾತು ಬಂದಾಗ ವಿನೋದಿನಿ ತಲೆಯಾಡಿಸಿದಳು. ತರದೆ ಬಂದದ್ದೇ ಸರಿ ಎಂದಳು. ದೊಡ್ಡದಾಗಿದೆಯೇ ಎಂದು ಕೇಳಿದಳು. ಆಗಿದೆ ಎಂದರು. ಹೆಸರೇನಾದರೂ ಇಟ್ಟಿದ್ದಾರೆಯೇ ಎಂದು ಕೇಳಿದಳು. ಅಲ್ಲಿಯವರೆಗೆ ಮರೆಮಾಚಿಟ್ಟಿದ್ದನ್ನು ಕಾಂತಪ್ಪನವರು ಗೋಡೆಯ ಕಡೆ ನೋಡುತ್ತ ಹೇಳಿಬಿಟ್ಟರು.

ವಿನೋದಿನಿ ನಕ್ಕಳು. ಸೆರಗು ಬಾಯಿಗೊತ್ತಿಕೊಂಡು, ಬೆನ್ನು ಗೋಡೆಗೆ ಆನಿಸಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ನಗು ನಿಂತ ಮೇಲೂ ಕಣ್ಣೀರು ನಿಲ್ಲಲಿಲ್ಲ. ಅದನ್ನು ಒರೆಸಿಕೊಳ್ಳುತ್ತ ಕೇಳಿದಳು:

"ಕರೆದ್ರೆ ಬರ್ತಾನಾ?"

"ಬರ್ತಾನೆ. ಒಂದೇ ಕರೆಗೆ ಓಡಿ ಬರ್ತಾನೆ."

"ಒಳ್ಳೇದಾಯ್ತು" ಎಂದಳು ವಿನೋದಿನಿ. "ಹೆಂಗಸರು ಹೇಳಿದ್ದನ್ನು ಒಂದೇ ಸಲಕ್ಕೆ ಕೇಳುವ ಒಬ್ಬ ಕಾಂತಪ್ಪ ವಿಕ್ರೋಳಿಯಲ್ಲಾದ್ರೂ ಇದ್ದಾನಲ್ಲ."